ಕೆರೆ ಕಟ್ಟುವುದು ಧರ್ಮವೇ?

ಹನ್ನೆರಡನೇ ಶತಮಾನದ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ತೋಡಿಸುತ್ತಿದ್ದ. ಶ್ರೀಶೈಲದ ಮಲ್ಲಿಕಾರ್ಜುನನಿಗೆ ತನ್ನೂರಿನಲ್ಲೇ ಗುಡಿ ಎಬ್ಬಿಸಿದವನು ಅವನು. ಗುಡಿ, ಕೆರೆ, ಬಾವಿ ಎಂದು ಸುತ್ತಲಿನ ಜನರನ್ನೆಲ್ಲ ದುಡಿಮೆಗೆ ಹಚ್ಚಿದ್ದ. ಅಲ್ಲಿಗೆ ಬಂದ ಅಲ್ಲಮಪ್ರಭು ಕೆರೆಯನ್ನು ನೋಡಿ ಕೈಮುಗಿಯಲಿಲ್ಲ. ಮಣ್ಣು ಕಡಿಯುವವರ ಜಾತಿಯ ಹೆಸರು ಹಚ್ಚಿ ಸಿದ್ಧರಾಮನನ್ನು ‘ಒಡ್ಡರಾಮ’ ಎಂದು ಕರೆದ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರಿದರು. ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆ ಈ ಪ್ರಸಂಗವನ್ನು ದೊಡ್ಡ ವಾದವಾಗಿಯೇ ಬೆಳೆಸುತ್ತದೆ. ಕಟ್ಟಿದೆನೆಂಬ ಅಭಿಮಾನ ಕಟ್ಟಿದವನಲ್ಲಿ ಉಳಿದುಬಿಟ್ಟರೆ ಆ ಕೆರೆಯಿಂದ ಅವನಿಗೆ ದಕ್ಕಿದ್ದೇನು? ಸಿದ್ಧರಾಮ ಕೊನೆಗೆ ಅಲ್ಲಮನೊಡನೆ ಕಲ್ಯಾಣಕ್ಕೆ ನಡೆದ. ಅಲ್ಲಿ ಅವನಿಗೆ ಇಷ್ಟಲಿಂಗ ದೀಕ್ಷೆ ಕೊಟ್ಟವನು ಬಸವಣ್ಣನ ಸೋದರಳಿಯ ಚನ್ನಬಸವಣ್ಣ.

ಆ ಚನ್ನಬಸವಣ್ಣನ ಸಮಾಧಿ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ. ಕಲ್ಯಾಣದ ಗಲಭೆಯ ನಂತರ ವಚನದ ಕಟ್ಟುಗಳನ್ನು ಹೊತ್ತು ಪಡುವಣ ಕಾಡಿಗೆ ಬಂದ ಶರಣರ ನೆನಪು ಅಲ್ಲಿ ಅಕ್ಕನಾಗಮ್ಮನ ಗವಿ, ಹರಳಯ್ಯನ ಚಿಲುಮೆ ಎಂಬ ಹೆಸರುಗಳಲ್ಲಿ ಉಳಿದಿದೆ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಈಗಲೂ ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಹಳಿಯಾಳ ದಾಟಿ, ದಾಂಡೇಲಿ ದಾಟಿ, ಕಾಡಿನ ದಾರಿ ಹಿಡಿಯುತ್ತಾರೆ. ಅಂದರೆ, ಕೆರೆ ಕಟ್ಟಿದವನಿಗೆ ದೀಕ್ಷೆ ಕೊಟ್ಟವನ ಜಾತ್ರೆ ಕೆರೆಗಳ ಸೀಮೆಯನ್ನು ಹಾದೇ ಕಾಡು ಸೇರುತ್ತದೆ. ಹಳೆಯ ಕೆರೆಗಳಿಗೆ ಜೀವ ಕೊಡುವುದು ಈಗ ಸರ್ಕಾರದ ಯೋಜನೆ, ಮಠಮಂದಿರಗಳ ಸೇವೆ, ಸಿನಿಮಾ ನಟರ ಕಾಳಜಿ, ಕಂಪನಿಗಳ ಸಾಮಾಜಿಕ ಹೊಣೆ, ಎಲ್ಲವೂ ಆಗಿದೆ. ಅಲ್ಲಮನ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲು ಇದೇ ಸರಿಯಾದ ಹೊತ್ತು. ಯಾವುದಕ್ಕಾಗಿ ಕಟ್ಟುತ್ತೀರಿ? ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?

ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಈ ನಾಲ್ಕೂ ತಾಲ್ಲೂಕುಗಳು ಘಟ್ಟದ ಮೇಲಿವೆ. ಆದರೆ ಮಳೆ ಇವುಗಳಿಗೆ ಸಮನಾಗಿ ಹಂಚಿಲ್ಲ. ಗೋವೆಯ ಗಡಿಗೆ ಅಂಟಿದ ಕ್ಯಾಸಲ್ ರಾಕ್ ಕಡೆ ಆಕಾಶವೇ ಹರಿದುಬಿದ್ದಂತೆ ಸುರಿಯುವ ಮಳೆ ಪೂರ್ವಕ್ಕೆ ಸರಿದಂತೆ ಸೊರಗುತ್ತದೆ. ಹಳಿಯಾಳ, ಮುಂಡಗೋಡಗಳನ್ನು ಮುಟ್ಟುವ ಹೊತ್ತಿಗೆ ಅದು ಧಾರವಾಡದ ಮಳೆಯ ನೆಂಟ. ಇಲ್ಲಿ ಭತ್ತವನ್ನೂ ನಾಟಿ ಮಾಡುವುದಕ್ಕಿಂತ ಕೂರಿಗೆಯಿಂದ ಬಿತ್ತುವುದೇ ಹೆಚ್ಚಿನ ರೂಢಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಡೆಸಿಕೊಡುತ್ತದೆ. ತೆನೆ ಹಾಲು ತುಂಬುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೆರಡು ಸಲ ನೀರು ಹಾಯಿಸಲು ಕೆರೆ ಬೇಕು. ಈ ಸೀಮೆಯ ಕೆರೆಯ ಕೆಲಸ ಇಷ್ಟೇ: ವರ್ಷವಿಡೀ ನೀರುಣಿಸುವುದಲ್ಲ, ಮುಂಗಾರಿಗೂ ಸುಗ್ಗಿಗೂ ನಡುವಿನ ಕೆಲವು ವಾರಗಳ ಅಂತರ ತುಂಬುವುದು. ಉಳಿದದ್ದು ದನಕರುಗಳಿಗೆ, ಬಾವಿಗಳ ಸೆಲೆಗೆ, ಮೀನಿಗೆ, ಹಕ್ಕಿಗೆ.

ಈ ಸಣ್ಣ ಕೆಲಸದ ಸುತ್ತ ಕನ್ನಡ ನಾಡು ದೊಡ್ಡದೊಂದು ಧರ್ಮವನ್ನೇ ನೇಯ್ದಿತ್ತು. ಮುಂಡಗೋಡದ ನೆರೆಯ ಬನವಾಸಿಯಲ್ಲಿ, ಮಧುಕೇಶ್ವರ ಗುಡಿಯ ಆವರಣದಲ್ಲಿ, ಹೆಡೆ ಬಿಚ್ಚಿದ ನಾಗನನ್ನು ಕೆತ್ತಿದ ಕಲ್ಲೊಂದಿದೆ. ಅದರ ಮೇಲಿನ ಪ್ರಾಕೃತ ಬರಹ ಚುಟು ಅರಸರ ಕಾಲದ್ದು, ಕದಂಬರಿಗೂ ಹಿಂದಿನದು. ನಾಗಶ್ರೀ ಎಂಬ ರಾಜಕುಮಾರಿ ಒಂದು ನಾಗ, ಒಂದು ಕೆರೆ, ಒಂದು ವಿಹಾರ ದಾನ ಮಾಡಿದಳೆಂದು ಅದು ಹೇಳುತ್ತದೆ. ನೀರನ್ನು ಕಾಯುವ ಹಾವು, ನೀರು, ನೀರಿನ ದಂಡೆಯಲ್ಲಿ ಭಿಕ್ಷುಗಳ ವಸತಿ, ಮೂರೂ ಒಂದೇ ದಾನದ ಮೂರು ಮುಖ. ಮುಂದೆ ಕದಂಬರು ಬಂದರು. ಮಯೂರಶರ್ಮನ ಚಂದ್ರವಳ್ಳಿ ಶಾಸನ ಕೆರೆಯ ಮಾತಾಡುತ್ತದೆ. ಕದಂಬರ ವಂಶಾವಳಿಯನ್ನೇ ಕಾವ್ಯವಾಗಿ ಹೇಳುವ ತಾಳಗುಂದದ ಕಂಬಶಾಸನ ಹುಟ್ಟಿದ್ದೂ ಒಂದು ಕೆರೆಯ ನೆಪದಲ್ಲಿ. ಅಲ್ಲಿನ ಶಿವಾಲಯದ ಬಳಿ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ದಾಖಲಿಸಲೆಂದು, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿ ಬರೆದದ್ದು ಅದು. ಮಗ, ಕಾವ್ಯ, ಗುಡಿ, ಅಗ್ರಹಾರಗಳ ಜತೆಗೆ ಕೆರೆಯನ್ನೂ ಸಪ್ತಸಂತಾನದಲ್ಲಿ ಒಂದೆಂದು ಎಣಿಸಿದ ಸಂಸ್ಕೃತಿ ಇದು. ಮಕ್ಕಳಿಲ್ಲದವರು ಕೆರೆ ಕಟ್ಟಿಸಿ ಸದ್ಗತಿ ಪಡೆಯಬಹುದಿತ್ತು.

ಇಷ್ಟಾದರೆ ಅಲ್ಲಮನ ಚುಚ್ಚುಮಾತು ಸರಿಯೇ. ಪುಣ್ಯಕ್ಕಾಗಿ, ಹೆಸರಿಗಾಗಿ, ಕಲ್ಲಿನ ಮೇಲೆ ಬರೆಸಿಕೊಳ್ಳುವುದಕ್ಕಾಗಿ ಕಟ್ಟಿದ್ದು. ಆದರೆ ಅದೇ ಶಾಸನಗಳ ಬುಡದ ಸಾಲುಗಳನ್ನು ಓದಿದರೆ ಬೇರೆ ಮನಸ್ಸು ಕಾಣುತ್ತದೆ. ದಾನ ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು ಎಂಬ ಅರ್ಥದ ಸಂಸ್ಕೃತ ಶ್ಲೋಕ ನಾಡಿನ ಎಷ್ಟೋ ದಾನಶಾಸನಗಳ ಕೊನೆಯಲ್ಲಿ ಬರುತ್ತದೆ. ಅದು ಬರೀ ಉಪದೇಶವಾಗಿರಲಿಲ್ಲ. ಕೆರೆಯ ರಿಪೇರಿಗೆಂದೇ ಗದ್ದೆಯ ಹುಟ್ಟುವಳಿಯಲ್ಲಿ ಪಾಲು ತೆಗೆದಿಡುವ ಬಿತ್ತುವಟ್ಟ ಇತ್ತು. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಡುವ ಕಟ್ಟುಕೊಡಗೆ, ಕೆರೆಗೊಡಗೆ ಇದ್ದವು. ತೂಬು ಎತ್ತಿ ಇಳಿಸಲು, ಸರದಿ ಪ್ರಕಾರ ನೀರು ಬಿಡಲು ನೀರಗಂಟಿ ಇದ್ದ. ಬೇಸಿಗೆಯಲ್ಲಿ ರೈತರು ಚಕ್ಕಡಿಯಲ್ಲಿ ಗೋಡುಮಣ್ಣು ಹೇರಿಕೊಂಡು ಹೊಲಕ್ಕೆ ಹಾಕುತ್ತಿದ್ದರು. ಕೆರೆಯ ಹೂಳು ತೆಗೆಯುವುದು, ಹೊಲಕ್ಕೆ ಗೊಬ್ಬರ ಹಾಕುವುದು ಒಂದೇ ಕೆಲಸವಾಗಿತ್ತು.

ಕೆರೆಯ ಧರ್ಮ ಇದ್ದದ್ದು ಗಂಗಮ್ಮನ ಪೂಜೆಯಲ್ಲಷ್ಟೇ ಅಲ್ಲ ಎನ್ನಲು ಇಷ್ಟು ಸಾಕು. ಪೂಜೆ ಪಂಚಾಂಗದ ಕೆಲಸ ಮಾಡುತ್ತಿತ್ತು. ಕೋಡಿ ಬಿದ್ದ ದಿನ ಊರೆಲ್ಲ ಏರಿಯ ಮೇಲೆ ಸೇರಿದರೆ ಏರಿ ಎಲ್ಲಿ ಕುಸಿದಿದೆ, ಎಲ್ಲಿ ಇಲಿ ತೋಡಿದೆ, ಎಲ್ಲಿ ಗಿಡ ಬೇರು ಬಿಟ್ಟಿದೆ ಎಂಬುದು ನೂರು ಕಣ್ಣಿಗೆ ಬೀಳುತ್ತದೆ. ಭಕ್ತಿಯೊಳಗೆ ತಪಾಸಣೆಯೂ ಅಡಗಿತ್ತು.

ಇದು ನಮ್ಮ ನಾಡಿನ ವಿಶೇಷವೇನೂ ಅಲ್ಲ. ಬಾಲಿ ದ್ವೀಪದಲ್ಲಿ ಸುಬಕ್ ಎಂಬ ರೈತರ ಕೂಟಗಳು ನೀರಿನ ಗುಡಿಗಳ ಸುತ್ತ ಕಟ್ಟಿಕೊಂಡಿವೆ. ಯಾವ ಕಣಿವೆ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಒಣಗಲು ಬಿಡಬೇಕು ಎಂಬುದನ್ನು ಗುಡಿಯ ಹಬ್ಬಗಳೇ ಗೊತ್ತುಮಾಡುತ್ತಿದ್ದವು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ತಜ್ಞರು ಹೊಸ ತಳಿ ಕೊಟ್ಟು, ಸರದಿ ಬಿಟ್ಟು ಬಿಡುವಿಲ್ಲದೆ ಬೆಳೆಯಿರಿ ಎಂದರು. ಕಣಿವೆಗಳು ಒಟ್ಟಿಗೆ ಬೀಳು ಬೀಳುವುದು ನಿಂತಾಗ ಕೀಟಗಳಿಗೆ ಸುಗ್ಗಿಯಾಯಿತು, ನೀರಿಗೆ ಜಗಳ ಹತ್ತಿತು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಕಂಪ್ಯೂಟರ್ ಮಾದರಿ ಹಾಕಿ ನೋಡಿದಾಗ ಗುಡಿಗಳು ಹೇಳುತ್ತಿದ್ದ ಲೆಕ್ಕವೇ ಸರಿಯಿತ್ತು. 2012ರಲ್ಲಿ ಯುನೆಸ್ಕೊ ಆ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ಹಳೆಯದನ್ನೆಲ್ಲ ಹಾಗೆಯೇ ಮರಳಿ ತರೋಣವೇ? ಇಲ್ಲಿ ಕಾಲು ಕೆಸರಿಗೆ ಇಳಿಯುತ್ತದೆ. 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿಯಲು ಅಂಬೇಡ್ಕರ್ ಅವರು ಸತ್ಯಾಗ್ರಹ ಹೂಡಬೇಕಾಯಿತು. ದನ, ನಾಯಿಗಳಿಗೆ ಇಲ್ಲದ ಅಡ್ಡಿ ಮನುಷ್ಯರಿಗೆ ಇತ್ತು. ಊರ ಕೆರೆ ಎಂದಾಗ ಯಾರ ಊರು ಎಂಬ ಪ್ರಶ್ನೆ ಅದರೊಳಗೇ ಇದೆ. ಕೆರೆಯನ್ನು ಕಡಿದವರು, ಏರಿಗೆ ಮಣ್ಣು ಹೊತ್ತವರು ನೀರಿನ ಸರದಿಯಲ್ಲಿ ಕೊನೆಯವರು, ಅಥವಾ ಸರದಿಯಲ್ಲೇ ಇಲ್ಲದವರು. ಅಲ್ಲಮ ಚುಚ್ಚಲು ಬಳಸಿದ ಜಾತಿಯ ಹೆಸರನ್ನೇ ನೋಡಿ. ಆ ಕುಲಕಸುಬಿನ ಭೋವಿ ಸಮುದಾಯ ಇಂದು ಸಿದ್ಧರಾಮೇಶ್ವರನನ್ನೇ ತನ್ನ ಗುರುವೆಂದು ಎತ್ತಿಹಿಡಿದಿದೆ, ಚಿತ್ರದುರ್ಗದಲ್ಲಿ ಅವನ ಹೆಸರಿನ ಗುರುಪೀಠ ಕಟ್ಟಿಕೊಂಡಿದೆ. ಶೂನ್ಯಸಂಪಾದನೆಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಪಂಡಿತರು ಕೊಟ್ಟಿಲ್ಲ.

ಇನ್ನು ‘ಕೆರೆಗೆ ಹಾರ’ ಎಂಬ ಜನಪದ ಹಾಡು. ಕೆರೆ ತೋಡಿಸಿದ ಗೌಡ, ಬಾರದ ನೀರು, ಬಲಿಯಾಗುವ ಭಾಗೀರಥಿ. ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅದರಲ್ಲಿ ಎದ್ದು ಕಾಣುವುದು ಬಲಿಯ ಆಯ್ಕೆ. ಮಗನಲ್ಲ, ಮಗಳಲ್ಲ, ಹಿರಿಸೊಸೆಯೂ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನ ಹಕ್ಕುಳ್ಳ, ಹೊರಗಿನಿಂದ ಬಂದ ಕಿರಿಸೊಸೆ. ದೊಡ್ಡ ನೀರಿಗೆ ಯಾರನ್ನಾದರೂ ಕೊಡಬೇಕು ಎಂದಾಗ ತೀರ್ಮಾನಿಸುವವರು ತಮ್ಮನ್ನು ಕೊಟ್ಟುಕೊಳ್ಳುವುದಿಲ್ಲ. ಜೋಯಿಡಾದವರಿಗೆ ಇದು ಹಾಡಲ್ಲ, ಅನುಭವ. ಡಿಗ್ಗಿಯ ಬಳಿ ಹುಟ್ಟುವ ಕಾಳಿಗೆ 1980ರ ದಶಕದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಮುಳುಗಿತು. ಜನ ರಾಮನಗರಕ್ಕೆ, ಮತ್ತೆಲ್ಲೆಲ್ಲಿಗೋ ಎದ್ದುಹೋದರು. ಸೂಪಾ ಹೆಸರು ಈಗ ಉಳಿದಿರುವುದು ಜಲಾಶಯಕ್ಕೆ. ಸುಮಾರು 147 ಟಿಎಂಸಿ ಅಡಿ ನೀರು ಹಿಡಿಯುವ ಆ ಜಲಾಶಯ ಹೊಲಕ್ಕಾಗಿ ಕಟ್ಟಿದ್ದಲ್ಲ, ವಿದ್ಯುತ್ತಿಗಾಗಿ ಕಟ್ಟಿದ್ದು. ಕೆಳಗೆ ಗಣೇಶಗುಡಿ, ದಾಂಡೇಲಿಯ ಕಡೆ ಕಾಳಿಯ ಏರಿಳಿತವನ್ನು ಈಗ ಮಳೆಗಿಂತ ಹೆಚ್ಚಾಗಿ ರಾಜ್ಯದ ಕರೆಂಟಿನ ಬೇಡಿಕೆ ತೀರ್ಮಾನಿಸುತ್ತದೆ. ರಬ್ಬರ್ ದೋಣಿಯಲ್ಲಿ ಕೂತು ಕೇಕೆ ಹಾಕುವ ಪ್ರವಾಸಿಗರಿಗೆ ಸಿಗುವ ಸೆಳವೂ ಅಣೆಕಟ್ಟಿನಿಂದ ನೀರು ಬಿಟ್ಟಾಗಿನದೇ.

ಅಣೆಕಟ್ಟಿನ ನೀರಿಗೆ ನೀರಗಂಟಿ ಇಲ್ಲ ಎಂದಲ್ಲ, ಇದ್ದಾನೆ. ಅವನು ಊರಿನವನಲ್ಲ, ಅಷ್ಟೇ. ಇದಕ್ಕೆ ಊರಿನ ನೀರಗಂಟಿಯನ್ನು ಮರಳಿ ತರುವುದೇ ಮದ್ದು ಎನ್ನುವುದೂ ಸುಲಭವಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುಟ್ಟಿನಿಂದಲೇ ಕೆಲಸ ಕಟ್ಟಿಹಾಕುವ ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ನೀರಗಂಟಿಯ ಕೆಲಸಕ್ಕೆ ಬಹುತೇಕ ಕಡೆ ಬೇರೆಯವರನ್ನು ನೇಮಿಸಲಿಲ್ಲ. ಕೆರೆಗಳು ಸರ್ಕಾರದವಾದವು. ಸ್ಥೂಲವಾಗಿ 40 ಹೆಕ್ಟೇರ್ ಒಳಗಿನ ಅಚ್ಚುಕಟ್ಟಿನವು ಪಂಚಾಯತಿಗೆ, ಅದಕ್ಕೆ ಮೇಲಿನವು ಸಣ್ಣ ನೀರಾವರಿ ಇಲಾಖೆಗೆ ಸೇರಿದವು. ಏರಿಯಲ್ಲಿ ಬಿಲ ಬಿದ್ದರೆ ಈಗ ಅರ್ಜಿ ಬರೆಯಬೇಕು. ಅರ್ಜಿ ತಿರುಗಾಡಿ ಬರುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ.

2019ರ ಮಳೆಗಾಲದಲ್ಲಿ ಮುಂಡಗೋಡದ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ನೀರು ಗದ್ದೆಗಳಿಗೆ ನುಗ್ಗಿತು. ಆ ವರ್ಷ ರಾಜ್ಯದ ಉದ್ದಗಲಕ್ಕೂ ಸುರಿದ ಮಳೆ ಅಸಾಮಾನ್ಯವಾದದ್ದು, ನಿಜ. ಆದರೆ ಚಿಗಳ್ಳಿ ಹೆಸರಾಗಿರುವುದು ಬೇರೆ ಕಾರಣಕ್ಕೆ. ಅಲ್ಲಿನ ದೀಪನಾಥೇಶ್ವರ ಗುಡಿಯಲ್ಲಿ ಎಣ್ಣೆಯಿಲ್ಲದೆ ದೀಪ ಉರಿಯುತ್ತದೆಂಬ ನಂಬಿಕೆಯಿಂದ ದಶಕಗಳ ಕಾಲ ದೂರದೂರದ ಭಕ್ತರು ಬಂದು ಹೋದರು. ಎಣ್ಣೆ ಬೇಡದ ದೀಪವನ್ನು ನೋಡಲು ಜನ ಸೇರಿದರು. ವರ್ಷಕ್ಕೊಮ್ಮೆ ಮಣ್ಣು ಬೇಡುವ ಒಡ್ಡನ್ನು ನೋಡಲು ಸೇರಲಿಲ್ಲ. ದೇವರ ಬಗ್ಗೆ ಇದರಿಂದ ಏನೂ ಗೊತ್ತಾಗುವುದಿಲ್ಲ, ಭಕ್ತಿ ಯಾವ ಕಡೆ ವಾಲಿದೆ ಎಂಬುದು ಮಾತ್ರ ಗೊತ್ತಾಗುತ್ತದೆ.

ಈಚಿನ ವರ್ಷಗಳ ಕೆರೆ ಕೆಲಸ ಕಡಿಮೆಯೇನಲ್ಲ. ರಾಜ್ಯದಲ್ಲಿರುವ 36 ಸಾವಿರಕ್ಕೂ ಮಿಕ್ಕ ಕೆರೆಗಳಿಗಾಗಿ 2000ದ ದಶಕದ ಆರಂಭದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನೆ ಬಂತು, ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ‘ನಮ್ಮೂರು ನಮ್ಮ ಕೆರೆ’ ಹೆಸರಿನಲ್ಲಿ ರಾಜ್ಯದ ಹಲವೆಡೆ ಹೂಳು ತೆಗೆಸಿತು. ನಟ ಯಶ್ ಅವರ ಯಶೋಮಾರ್ಗ 2017ರಲ್ಲಿ ಕೊಪ್ಪಳದ ತಲ್ಲೂರು ಕೆರೆಗೆ ಜೀವ ಕೊಟ್ಟಿತು. ಪಕ್ಕದ ಶಿರಸಿಯಲ್ಲಿ ಜೀವಜಲ ಕಾರ್ಯಪಡೆ ಪೇಟೆಯ ಕೆರೆಗಳಿಗೆ ಕೈಹಚ್ಚಿತು. ಇವರಲ್ಲಿ ಹಲವರು ಸಿದ್ಧರಾಮನ ಹಾದಿಯವರೇ. ಆದರೆ ಹೂಳೆತ್ತುವ ಸಡಗರ ಎಲ್ಲೆಡೆ ಒಂದೇ ತರಹ ಮುಗಿಯುತ್ತದೆ. ಜೆಸಿಬಿ ಬರುತ್ತದೆ, ಟಿಪ್ಪರ್‌ಗಳು ಓಡಾಡುತ್ತವೆ, ಮೊದಲ ಮಳೆಗೆ ಕೆರೆ ತುಂಬುತ್ತದೆ, ಬಾಗಿನ ಬಿಡುತ್ತಾರೆ, ಫಲಕ ಏಳುತ್ತದೆ. ಹಳೆಯ ಕೆರೆ ಏರಿಯ ಕಡೆ ಆಳ, ಹಿನ್ನೀರಿನ ಕಡೆ ತೆಳು. ತೆಳುವಾದಲ್ಲಿ ದನ ಇಳಿಯುತ್ತಿತ್ತು, ಕೊಕ್ಕರೆ ನಿಲ್ಲುತ್ತಿತ್ತು. ಯಂತ್ರ ಅದನ್ನೆಲ್ಲ ಒಂದೇ ಮಟ್ಟಕ್ಕೆ ಕಡಿದು ತೊಟ್ಟಿ ಮಾಡಿಬಿಡುತ್ತದೆ. ಆಸೆಬುರುಕತನದಲ್ಲಿ ತಳದ ಜೇಡಿಯ ಪದರವನ್ನೂ ಕೆರೆದರೆ ನೀರು ನಿಲ್ಲುವುದೇ ಇಲ್ಲ. ಹೂಳು ಎಲ್ಲಿಂದ ಬಂತೋ ಆ ಗುಡ್ಡದ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಹಳಿಯಾಳದ ಕೆರೆಗಳನ್ನು ತುಂಬಿಸಲು ಕಾಳಿಯಿಂದ ಪೈಪಿನಲ್ಲಿ ನೀರೆತ್ತುವ ಯೋಜನೆ ಬಂದಿರುವುದು ಗುಡ್ಡವನ್ನು ಮರೆತ ಈ ಯೋಚನೆಯ ಮುಂದಿನ ಹೆಜ್ಜೆ. ಬೆಳೆ ಒಣಗುತ್ತಿರುವ ರೈತನ ಮುಂದೆ ನಿಂತು ಇದು ಬೇಡ ಎನ್ನುವ ಧೈರ್ಯ ಯಾರಿಗೂ ಇರಲಾರದು, ಇರಬೇಕಾಗಿಯೂ ಇಲ್ಲ. ಆದರೆ ಪೈಪಿನಿಂದ ತುಂಬುವ ಕೆರೆಗೆ ತನ್ನ ತಲೆಯ ಮೇಲಿನ ಗುಡ್ಡದ ಹಂಗಿಲ್ಲ. ಗುಡ್ಡದ ಮರ ಹೋದರೂ, ಹರಿವಿನ ಕಾಲುವೆ ಒತ್ತುವರಿಯಾದರೂ ನೀರು ಬರುತ್ತದೆ. ಬಂದ ನೀರು ಭತ್ತಕ್ಕೆ ಸಿಗುವುದೋ ಕಬ್ಬಿಗೋ? ಸಕ್ಕರೆ ಕಾರ್ಖಾನೆ ಇರುವ ತಾಲ್ಲೂಕಿನಲ್ಲಿ ಉತ್ತರ ಹೊಲಗಳನ್ನು ನೋಡಿದರೆ ಸಾಕು. ತೆನೆ ಕಟ್ಟುವ ಕೆಲವು ವಾರಗಳಿಗೆಂದು ಅಳೆದು ಕಟ್ಟಿದ ಕೆರೆಯ ಮುಂದೆ ವರ್ಷವಿಡೀ ಬಾಯಾರುವ ಬೆಳೆ ನಿಂತಿದೆ. ಎಷ್ಟು ಸಾಕು ಎಂಬುದನ್ನು ಕೆರೆಯ ಅಂಚೇ ಹೇಳುತ್ತಿದ್ದ ಕಾಲ ಹೋಗಿ, ಅದನ್ನು ಈಗ ಮನುಷ್ಯರೇ ಮಾತಾಡಿ ತೀರ್ಮಾನಿಸಬೇಕಾಗಿದೆ. ತತ್ತ್ವಶಾಸ್ತ್ರ ಹೊಲಕ್ಕೆ ಇಳಿಯುವುದು ಇಂಥಲ್ಲಿ.

ಜೋಯಿಡಾದ ಕುಣಬಿ ಸಮುದಾಯದವರು ಎಷ್ಟು ಸಾಕು ಎಂಬ ಪ್ರಶ್ನೆಗೆ ಬೇರೆ ಉತ್ತರ ಇಟ್ಟುಕೊಂಡವರು. ಹಳ್ಳಕ್ಕೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟುವ ಒಡ್ಡು ಮುಂದಿನ ಮಳೆಗಾಲದಲ್ಲಿ ತಾನೇ ಕೊಚ್ಚಿಹೋಗುತ್ತದೆ. ಮಳೆ ಹಿಂದೆಗೆದ ಮೇಲೆ ಮತ್ತೆ ಕಟ್ಟಬೇಕು. ಕಾಸರಗೋಡಿನ ಕನ್ನಡಿಗರೂ ತಮ್ಮ ಕಟ್ಟಗಳನ್ನು ಹೀಗೆಯೇ ವರ್ಷವರ್ಷ ಕಟ್ಟಿಕೊಂಡು ಬಂದವರು. ಪತ್ರಕರ್ತ ಶ್ರೀಪಡ್ರೆ ಅವರು ಏತಡ್ಕದ ಕಟ್ಟಗಳ ಕಥೆಯನ್ನು ನಾಡಿಗೆ ತಿಳಿಸಿದ್ದಾರೆ. ಇಂಥ ಒಡ್ಡಿನ ಮೇಲೆ ಹೆಸರು ಕೆತ್ತಿಸಲು ಕಲ್ಲಿಲ್ಲ, ಇದ್ದರೂ ಉಳಿಯುವುದಿಲ್ಲ. ಅಲ್ಲಮ ಬಂದು ನೋಡಿದ್ದರೆ ತಕರಾರು ತೆಗೆಯಲು ಏನೂ ಸಿಗುತ್ತಿರಲಿಲ್ಲವೇನೋ. ಕುಮರಿ ಬೇಸಾಯದ ನಿಷೇಧ, ಅಣೆಕಟ್ಟು, ಹುಲಿ ಸಂರಕ್ಷಿತ ಪ್ರದೇಶ ಒಂದಾದ ಮೇಲೊಂದು ಬಂದು ಈ ಜನರ ಬದುಕನ್ನು ಕಿರಿದು ಮಾಡಿದವು. ಅವರ ಗಡ್ಡೆಗೆಣಸುಗಳಿಗೆ ಈಗ ಜೋಯಿಡಾದಲ್ಲಿ ಮೇಳ ನಡೆಯುತ್ತದೆ, ಪೇಟೆಯವರು ಬಂದು ಕೊಳ್ಳುತ್ತಾರೆ. ಅವರ ಒಡ್ಡುಗಳಿಗೆ ಅಷ್ಟು ಮರ್ಯಾದೆ ಇನ್ನೂ ಬಂದಿಲ್ಲ.

ಮುಂಡಗೋಡಕ್ಕೆ ಮರಳಿದರೆ, ನಾಗಶ್ರೀಯ ದಾನದ ಕಲ್ಲಿನಿಂದ ಹೆಚ್ಚು ದೂರವಲ್ಲದ ಕಾಡಂಚಿನಲ್ಲಿ 1966ರ ನಂತರ ಮತ್ತೆ ವಿಹಾರಗಳು ಎದ್ದಿವೆ. ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 4000 ಎಕರೆಯಲ್ಲಿ ಟಿಬೆಟಿನ ನಿರಾಶ್ರಿತರು ಕಾಡು ಸವರಿ ಗೋವಿನಜೋಳ, ಭತ್ತ ಬೆಳೆದರು; ಗಾದೆನ್, ಡ್ರೆಪುಂಗ್ ಮಠಗಳು ಇಲ್ಲಿ ಮರುಹುಟ್ಟು ಪಡೆದವು. ಸಂಸ್ಕೃತದ ನಾಗನನ್ನು ಟಿಬೆಟಿನವರು ‘ಲು’ ಎನ್ನುತ್ತಾರೆ. ಚಿಲುಮೆ, ಕೆರೆಗಳಲ್ಲಿ ಅವನ ವಾಸ. ನೀರು ಕೊಳೆ ಮಾಡಿದರೆ ಅವನು ಮುನಿದು ರೋಗ ತರುತ್ತಾನೆ ಎಂಬುದು ಅವರ ನಂಬಿಕೆ. ಅದೇ ಮಠಗಳ ತರಗತಿಗಳಲ್ಲಿ ಪ್ರತೀತ್ಯಸಮುತ್ಪಾದದ ಚರ್ಚೆ ಚಪ್ಪಾಳೆ ಹೊಡೆದು ನಡೆಯುತ್ತದೆ: ಯಾವುದೂ ತಾನೇ ತಾನಾಗಿ ಇಲ್ಲ, ಪ್ರತಿಯೊಂದೂ ಬೇರೆ ಕಾರಣಗಳ ಮೇಲೆ ನಿಂತಿದೆ. ಒಂದು ಕಡೆ ಹೆದರಿಕೆಯ ನಾಗ, ಇನ್ನೊಂದು ಕಡೆ ತರ್ಕ. ಎರಡೂ ಒಂದೇ ಧರ್ಮದಲ್ಲಿ ಜಗಳವಿಲ್ಲದೆ ಇವೆ. ನೀರು ಕಂಡಲ್ಲೆಲ್ಲ ಮುಳುಗು ಹಾಕುವವರನ್ನು ಬಸವಣ್ಣ ಗೇಲಿ ಮಾಡಿದ, ಆದರೂ ಅವನ ಅಳಿಯನ ಕ್ಷೇತ್ರದಲ್ಲಿ ಚಿಲುಮೆಗೆ ಶರಣನ ಹೆಸರಿದೆ. ನೀರನ್ನು ದೇವರೆನ್ನದೆಯೂ ಅದಕ್ಕೆ ಋಣಿಯಾಗಿರಬಹುದು ಎಂಬ ಜಾಗ ಈ ಎರಡು ಪರಂಪರೆಗಳಲ್ಲೂ ಇದೆ. ಶರಣರ ಮಾತಿನಲ್ಲಿ ಅದು ದಾಸೋಹ. ತನ್ನ ಪಾಲು ತೆಗೆದುಕೊಂಡವನು ಮುಂದಿನವನಿಗೆ ಬಿಡಬೇಕು.

ಮುಂದಿನವರು ಮನುಷ್ಯರೇ ಆಗಬೇಕೆಂದಿಲ್ಲ. ಹೊಲಗಳಿಗೆಂದು ಕಟ್ಟಿದ ಮುಂಡಗೋಡದ ಅತ್ತಿವೇರಿ ಜಲಾಶಯಕ್ಕೆ ಬೆಳ್ಳಕ್ಕಿ, ಕೆಂಬರಲು, ಚಮಚಕೊಕ್ಕುಗಳು ಬಂದು ನೆಲೆಸಿ ಅದು ಈಗ ಪಕ್ಷಿಧಾಮ.

ಈ ಸೀಮೆಯಲ್ಲಿ ಹೊಲವಿಲ್ಲದವರು ಬಹಳ. ಸಿದ್ದಿ, ಗೌಳಿ ಸಮುದಾಯಗಳಲ್ಲಿ ಎಷ್ಟೋ ಮನೆಗಳಿಗೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇಲ್ಲ. ತೂಬಿನ ಕೆಳಗಿನ ಜಮೀನಿನ ಲೆಕ್ಕದಲ್ಲೇ ಕೆರೆ ಸಂಘ ಕಟ್ಟಿದರೆ ಇವರು ಹೊರಗೇ ಉಳಿಯುತ್ತಾರೆ, ಹೂಳೆತ್ತುವ ಕೂಲಿಗೆ ಮಾತ್ರ ಒಳಗೆ ಬರುತ್ತಾರೆ. ಕೆರೆಯಲ್ಲಿ ಹಂಚಲು ನೀರಲ್ಲದೆ ಬೇರೆಯೂ ಇದೆ: ಮೀನಿನ ಹರಾಜು, ದಂಡೆಯ ಹುಲ್ಲು, ಗೋಡುಮಣ್ಣು, ಏರಿ ಕಾಯುವವರ ಸಂಬಳ. ಎಮ್ಮೆ ಸಾಕುವ ಗೌಳಿಗೆ ಹಿನ್ನೀರಿನ ಹುಲ್ಲು ಬೇಕು. ಜಮೀನಿಲ್ಲದ ಸಿದ್ದಿ ಹೆಂಗಸರ ಗುಂಪಿಗೆ ಮೀನಿನ ಗುತ್ತಿಗೆ ಸಿಕ್ಕರೆ ಕೆರೆ ಒಣಗದಂತೆ ನೋಡುವವರಲ್ಲಿ ಅವರೇ ಮೊದಲಿಗರಾಗುತ್ತಾರೆ. ಹರಾಜಿನ ಹಣದಲ್ಲಿ ಇಷ್ಟು ಪಾಲು ಏರಿಯ ರಿಪೇರಿಗೆ ಎಂದು ಗ್ರಾಮಸಭೆ ಬರೆದಿಟ್ಟರೆ ಬಿತ್ತುವಟ್ಟಕ್ಕೆ ಜಾತಿಯ ಹಂಗಿಲ್ಲದ ಹೊಸ ರೂಪ ಸಿಗುತ್ತದೆ. ಇದಕ್ಕೆ ಹೊಸ ಕಾಯ್ದೆಯೇನೂ ಬೇಡ. ಮೇ ತಿಂಗಳಲ್ಲಿ, ಬಾಗಿನದ ಗಡಿಬಿಡಿಗೆ ಮೊದಲು, ಒಂದು ಸಭೆ ಸೇರಿ ತೂಬಿನ ಕೀಲಿ ಈ ವರ್ಷ ಯಾರ ಕೈಯಲ್ಲಿ ಎಂಬುದನ್ನು ಗೊತ್ತುಮಾಡಿದರೆ ಕೆಲಸ ಶುರುವಾಗುತ್ತದೆ.